ಚೀಲದ ತೂಕ ಕಳೆದು

ಅರಸೀಕೆರೆ
24-1-2025

ಸುಜಾತಂಗೆ ನಿಮ್ಮಪ್ಪ ಹೊನ್ನಯ್ಯ ಬರೀತಿರೋದು.

ಅಕ್ಷರ ನೋಡಿ ನಗ್ಬ್ಯಾಡ ಕಣವ್ವ. ಆರನೇ ಕ್ಲಾಸಿಗೆ ಇಸ್ಕೂಲು ಬಿಟ್ಟೋನು ನಾನು. ಅಲ್ಲಿಂದ ಇಲ್ಲಿಗಂಟ ಕೊಬ್ಬರಿ ಮಂಡೀಲಿ ಮೂಟೆ ಮ್ಯಾಲೆ ನಂಬರ್ ಬರ್ದಿದ್ದು ಬಿಟ್ರೆ ಬ್ಯಾರೆ ಏನೂ ಬರ್ದಿಲ್ಲ. ಈ ಪೆನ್ನು ಕೂಡ ನಮ್ಮ ಪಕ್ಕದ ಮನೆ ಹುಡುಗೀದು, ಮ್ಯಾಲೆ ಗೊಂಬೆ ಕುಣೀತದೆ.

ನೀನು ಹಳೇಬೀಡಿಗೆ ಲ್ಯಾಬ್ ಕೆಲ್ಸಕ್ಕೆ ಹೋಗಿ ಮೂರು ತಿಂಗ್ಳಾಯ್ತು. ನಿಮ್ಮವ್ವ ಫೋನ್ ಮಾಡಿದ್ರೆ ಎತ್ತೀಯ. ನಾನು ಮಾಡಿದ್ರೆ ಒಬ್ಳು ಹೆಂಗ್ಸು ಬಂದು 'ನೀವು ಕರೆ ಮಾಡಿದ ಚಂದಾದಾರರು' ಅಂತಾಳೆ. ದಿನಾ ಮಾತಾಡಿ ಮಾತಾಡಿ ಅವಳಿಗೂ ನಂಗೂ ಸಲಿಗೆ ಬೆಳ್ದೈತೆ. ನಿಮ್ಮವ್ವಂಗೆ ಹೇಳ್ಬ್ಯಾಡ.

ಈಗ ಸಮಾಚಾರಕ್ಕೆ ಬತ್ತೀನಿ. ನಿನ್ನ ಮನೆ ಓನರು ಪದ್ಮಲತಮ್ಮೋರು ನಿನ್ನೆ ಫೋನ್ ಮಾಡಿದ್ರು. ನೀನು ಮೆಟ್ಲು ಹತ್ತುವಾಗ ಕಣ್ಣು ಕತ್ಲೆ ಬಂದು ಬಿದ್ದೆ ಅಂದ್ರು. ನೀನು ನಿಮ್ಮವ್ವಂಗೆ ಕಾಲು ಜಾರ್ತು ಅಂದಿದ್ದೀಯ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಅದ್ಯಾವ್ದೋ ಪುಡಿ ಕದಡ್ಕಂಡು ಕುಡೀತೀಯಂತೆ. ಬ್ಯಾರೆ ಊಟಾನೇ ಇಲ್ವಂತೆ. ಅದು ನಮ್ಮ ಬೀದಿ ಸುಮಿತ್ರಮ್ಮನ ಪೌಡರ್ರು ತಾನೇ? ನಲವತ್ತೈದು ದಿನಕ್ಕೆ ಹತ್ತು ಕೆಜಿ ಇಳಿಸ್ತೀನಿ ಅಂತ ಮನೆಮನೆಗೆ ಹಂಚ್ತಾ ಅವ್ಳೆ. ಅವಳು ಮಾತ್ರ ದಿನಾ ಬೆಳಿಗ್ಗೆ ಹೋಟ್ಲಿಂದ ದೋಸೆ ಕಟ್ಟಿಸ್ಕಂಡು ಹೋಗೋದು ನಾನೇ ಕಂಡಿದೀನಿ.

ಈ ಕೆಳಗೆ ಎರಡು ಸಾಲು ಮಸಿ ಹಾಕಿ ಹೊಡ್ದಿದೀನಿ. ನೀನು ಬಿದ್ದಿದ್ರ ಮ್ಯಾಲೆ ಒಂದು ಜೋಕ್ ಬರ್ದಿದ್ದೆ. ನಿಮ್ಮವ್ವಂಗೆ ಓದಿ ಹೇಳ್ದೆ, ಅವಳು ನಗ್ಲಿಲ್ಲ. ಬೆಳಕಿಗೆ ಹಿಡ್ದು ಓದೋಕ್ಕೋಗ್ಬ್ಯಾಡ.

ಹುರಿಹಿಟ್ಟು, ಹುಣಸೆ ತೊಕ್ಕು, ಎರಡು ಉಂಡೆ ಕೊಬ್ಬರಿ ಬಸ್ಸಲ್ಲಿ ಕಳಿಸಿದೀನಿ. ತಿನ್ನು. ಮತ್ತೆ ನಾನು ಏನು ಮಾಡ್ದೆ ಅಂತ ನನ್ನ ಮ್ಯಾಲೆ ಇಷ್ಟು ಸಿಟ್ಟು, ಅದನ್ನಾದ್ರೂ ಹೇಳು.

ಉತ್ತರಕ್ಕೆ ಕಾಯ್ಕಂಡಿರೋ
ನಿಮ್ಮಪ್ಪ

*

ಹಳೇಬೀಡು
3-2-2025

ಅಪ್ಪ,

ಹುರಿಹಿಟ್ಟು ಬಂತು. ಓನರ್ ಆಂಟಿಗೆ ಕೊಟ್ಟೆ. ಇನ್ಮೇಲೆ ತಿನ್ನೋದು ಏನೂ ಕಳಿಸ್ಬೇಡ.

ಏನು ಮಾಡ್ದೆ ಅಂತ ಕೇಳಿದ್ದೀಯ. ನಿಜವಾಗ್ಲೂ ಗೊತ್ತಿಲ್ವಾ? ಹಾಗಾದ್ರೆ ಕೇಳು. ಆಯುಧಪೂಜೆ ದಿನ ನಿಮ್ಮ ಮಂಡೀಲಿ ಮೂಟೆ ತೂಗೋ ತಕ್ಕಡಿ ಮಿಷಿನ್ನಿಗೆ ಪೂಜೆ ಮಾಡಿ, ಮೊದಲನೇ ತೂಕಕ್ಕೆ ಒಬ್ಬ ಹೆಣ್ಣುಮಗಳನ್ನ ಹತ್ತಿಸ್ತೀರಲ್ಲ, ವರ್ಷವೆಲ್ಲ ಲಕ್ಷ್ಮಿ ಬರ್ತಾಳೆ ಅಂತ. ಐದನೇ ವಯಸ್ಸಿಂದ ನನ್ನನ್ನೇ ಹತ್ತಿಸ್ತಾ ಇದ್ದೀಯ. ಚಿಕ್ಕೋಳಿದ್ದಾಗ ಖುಷಿ ಆಗ್ತಿತ್ತು. ಹೋದ ಸಲ ನಂಗೆ ಇಪ್ಪತ್ಮೂರು ವರ್ಷ. ಬೇಡ ಅಪ್ಪ ಅಂದೆ. ಎರಡು ಸಲ ಅಂದೆ. ನೀನು ಕೈ ಹಿಡ್ಕೊಂಡು ಹತ್ತಿಸ್ದೆ. ಆಮೇಲೆ ಕೊಬ್ಬರಿ ಮೂಟೆಗೆ ಕೂಗೋ ಅದೇ ರಾಗದಲ್ಲಿ ಕೂಗ್ದೆ. ಎಂಬತ್ನಾಕೂ, ಚೀಲದ ತೂಕ ಕಳೆದು ಎಂಬತ್ಮೂರೂ.

ಹಮಾಲರೆಲ್ಲ ಮೂಟೆ ಮೇಲೆ ಬಿದ್ದು ಬಿದ್ದು ನಕ್ಕರು. ನಿನ್ನ ಜೊತೆ ಮೂಟೆ ಹೊರೋ ತಿಮ್ಮಯ್ಯ ಮಾವ ವಿಡಿಯೋ ಮಾಡಿ ಊರಿನ ಗ್ರೂಪಿಗೆ ಹಾಕಿದ್ರು. ನನ್ನ ಜೊತೆ ಓದಿದೋರೆಲ್ಲ ನೋಡಿದಾರೆ. ಈಗ್ಲೂ ಯಾರಾದ್ರೂ ನನ್ನ ಹಿಂದೆ ನಕ್ಕರೆ ಅದೇ ರಾಗ ಕೇಳಿಸುತ್ತೆ.

ಸುಮಿತ್ರಕ್ಕನ್ನ ಬೈಬೇಡ. ಅವರು ಕೊಟ್ಟಿದ್ದು ಪೌಡರ್. ಯಾಕೆ ಕುಡೀಬೇಕು ಅಂತ ಹೇಳಿಕೊಟ್ಟಿದ್ದು ನೀನು. ಹನ್ನೆರಡು ಕೆಜಿ ಇಳಿದಿದೀನಿ. ಎಲ್ಲರೂ ಚೆನ್ನಾಗಿ ಕಾಣ್ತೀಯ ಅಂತಾರೆ. ಚೀಲ ಕಳೀತಾ ಇದೀನಿ ಅಪ್ಪ, ಸಂತೋಷಪಡು.

ಫೋನ್ ಮಾಡ್ಬೇಡ. ಫೋನಲ್ಲಿ ನೀನು ಜೋಕ್ ಮಾಡ್ತೀಯ. ಬೇಕಿದ್ರೆ ಬರಿ. ಬರೆದಿದ್ದನ್ನ ಹೊಡೆದುಹಾಕಬಹುದು ಅಂತ ನಿಂಗೇ ಗೊತ್ತಾಗಿದೆಯಲ್ಲ.

ಸುಜಾತ

*

ಅರಸೀಕೆರೆ
12-2-2025

ಸುಜಿ,

ನಿನ್ನ ಕಾಗ್ದ ಓದಿ ಮೊದ್ಲು ನಂಗೂ ಸಿಟ್ಟು ಬಂತು. ಸುಳ್ಳು ಯಾಕೆ ಹೇಳ್ಲಿ. ಮಂಡೀಲಿ ನಾನು ಯಾರನ್ನ ಬಿಟ್ಟಿದೀನಿ? ಸಾವ್ಕಾರ್ ಲಕ್ಕಪ್ಪೋರ ಬೋಳುತಲೆ ಬಿಟ್ಟಿಲ್ಲ, ನನ್ನ ಹೊಟ್ಟೇನೇ ಬಿಟ್ಟಿಲ್ಲ. ನಕ್ಕಂಡು ಮೂಟೆ ಹೊರ್ಲಿಲ್ಲ ಅಂದ್ರೆ ಬೆನ್ನು ಮುರೀತದೆ ಕಣವ್ವ. ಅವತ್ತು ನೀನೂ ನಕ್ಕಿದ್ದೆ. ನಾನು ನೋಡಿದೀನಿ.

ಇಷ್ಟು ಬರ್ದು ಎರಡು ದಿನ ಇಟ್ಟಿದ್ದೆ. ನಿಮ್ಮವ್ವ ಓದಿಸ್ಕಂಡು ಒಂದೇ ಮಾತು ಕೇಳಿದ್ಲು. ಅಷ್ಟು ಜನ ಗಂಡಸ್ರು ನಗ್ತಾ ನಿಂತಿದ್ರೆ ಆ ಮಗು ನಗದೆ ಇನ್ನೇನು ಮಾಡ್ಬೇಕಿತ್ತು ಅಂತ. ಮ್ಯಾಲೆ ಬರ್ದಿದ್ದನ್ನ ಹೊಡ್ದಾಕ್ದೆ ಹಂಗೇ ಕಳಿಸ್ತಾ ಇದೀನಿ.

ಇನ್ನೊಂದು ವಿಷ್ಯ. ತಿಮ್ಮಯ್ಯ ಈ ವರ್ಷ ಅವನ ಮನೆ ತೆಂಗಿನಕಾಯಿಗೆ ಅವಸರ ಬಿದ್ದ. ಕಾಯಿ ಅಟ್ಟದ ಮ್ಯಾಲೆ ಹನ್ನೊಂದು ತಿಂಗ್ಳು ಮಲಗಬೇಕು, ಒಳಗಿನ ನೀರು ಅದರ ಪಾಡಿಗೆ ಇಂಗಬೇಕು, ಆಮೇಲೆ ಅಲ್ಲಾಡಿಸಿದ್ರೆ ಗಳಗಳ ಅಂತ ಉಂಡೆ ಕೊಬ್ಬರಿ ಮಾತಾಡ್ತದೆ. ನಿಂಗೇ ಗೊತ್ತು. ಇವನು ಐದೇ ತಿಂಗ್ಳಿಗೆ ಅಟ್ಟದ ಕೆಳಗೆ ಮಟ್ಟೆ ಹಾಕಿ ಹೊಗೆ ಕೊಟ್ಟ. ಮ್ಯಾಲೆಲ್ಲ ಒಣಗ್ದಂಗೆ ಇತ್ತು. ಒಡೆದ್ರೆ ಒಳಗೆಲ್ಲ ಕಪ್ಪು, ಮಂಡಿ ತುಂಬ ವಾಸನೆ. ಅದಕ್ಕೇ ಹೇಳಿದ್ದು, ತೂಕ ಇಳಿಸೋದಾದ್ರೆ ಇಳ್ಸು, ಆದ್ರೆ ಹೊಗೆ ಹಾಕ್ಕಬ್ಯಾಡ.

ನಿಮ್ಮಪ್ಪ
(ತಿಮ್ಮಯ್ಯನ ಫೋನಿಂದ ವಿಡಿಯೋ ಅಳಿಸ್ದೆ. ಕೊಡಲ್ಲ ಅಂದ. ಕಸ್ಕಂಡು ಅಳಿಸ್ದೆ.)

*

ಹಳೇಬೀಡು
5-3-2025

ಹೊನ್ನಯ್ಯನವರಿಗೆ ಪದ್ಮಲತಾ ಮಾಡುವ ನಮಸ್ಕಾರಗಳು.

ನಿಮ್ಮ ಮಗಳು ಫೋನ್ ಮಾಡಬೇಡಿ ಅಂತ ಆಣೆ ಹಾಕಿಸಿದಾಳೆ. ಬರೀಬೇಡಿ ಅಂತ ಹೇಳಿಲ್ಲ, ಅದಕ್ಕೆ ಬರೀತಿದೀನಿ.

ಮೊನ್ನೆ ಲ್ಯಾಬಲ್ಲಿ ಯಾರಿಗೋ ರಕ್ತ ತೆಗೀತಾ ಇದ್ದೋಳು ಸೂಜಿ ಕೈಯಲ್ಲೇ ಹಿಡ್ಕೊಂಡು ಕುಸಿದಿದಾಳೆ. ಪರೀಕ್ಷೆ ಮಾಡಿಸಿಕೊಳ್ಳೋಕೆ ಬಂದಿದ್ದ ಅಜ್ಜಿನೇ ಇವಳಿಗೆ ನೀರು ಚಿಮುಕಿಸಿದ್ರಂತೆ. ಇವಳ ರಕ್ತಾನೇ ನೋಡಿದ್ರೆ ಹನ್ನೆರಡು ಇರಬೇಕಾದ್ದು ಏಳು ಇದೆ. ತಲೆಕೂದಲು ಕೈಗೆ ಬರ್ತಾ ಇದೆ. ನಿದ್ದೆ ಇಲ್ಲ. ಕನ್ನಡಿಗೆ ಟವಲ್ ಹಾಕಿಟ್ಟಿದಾಳೆ. ಡಾಕ್ಟ್ರು ಮಾತ್ರೆ ಬರೆದುಕೊಟ್ಟು, ಹಾಸನದಲ್ಲಿ ಮನಸ್ಸಿನ ಡಾಕ್ಟ್ರನ್ನೂ ನೋಡಿ ಅಂದಿದಾರೆ. ಮಾತ್ರೆ ತಂದಿದ್ದು ಹಾಗೇ ಇದೆ. ಡಾಕ್ಟ್ರ ಹತ್ರ ಹೋಗಲ್ಲ ಅಂತಾಳೆ.

ನಾವು ಜೈನರು, ಉಪವಾಸ ನಮಗೆ ಹೊಸದಲ್ಲ. ನಮ್ಮತ್ತೆ ಹತ್ತು ದಿನ ಬರೀ ನೀರಲ್ಲಿ ಇದ್ದೋರು. ಆದ್ರೆ ಉಪವಾಸಕ್ಕೆ ಪಾರಣೆ ಅಂತ ಒಂದಿರುತ್ತೆ. ಇಂಥ ದಿನ, ಇಷ್ಟು ಹೊತ್ತಿಗೆ ಊಟ ಮಾಡ್ತೀವಿ ಅಂತ ಮೊದಲೇ ಗೊತ್ತಿರುತ್ತೆ. ನಿನ್ನ ಪಾರಣೆ ಯಾವತ್ತಮ್ಮ ಅಂತ ಕೇಳಿದೆ. ಆ ಮಗು ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಹಾಕ್ಕೊಳ್ತು.

ನೀವು ಒಂದು ಸಲ ಬನ್ನಿ.

ಇತಿ
ಪದ್ಮಲತಾ

*

ಹಳೇಬೀಡು, ಪದ್ಮಲತಮ್ಮೋರ ಮನೆ, ನಿನ್ನ ಬಾಗ್ಲ ಈಚೆಯಿಂದ
8-3-2025

ಸುಜಿ,

ನೀನು ಬಾಗ್ಲು ತೆಗೀಲಿಲ್ಲ. 'ಹೋಗಪ್ಪ' ಅಂದೆ. ಸರಿ. ಆದ್ರೆ ನಾನು ಹೋಗಲ್ಲ. ಕೊನೆ ಬಸ್ಸು ಹೊರಡೋಗಂಟ ಇಲ್ಲೇ ಮೆಟ್ಲ ಮ್ಯಾಲೆ ಕೂತಿರ್ತೀನಿ. ಬೈಯೋದಿದ್ರೆ ಒಳಗಿಂದ್ಲೇ ಬೈ, ಕೇಳಿಸ್ತದೆ.

ಪದ್ಮಲತಮ್ಮೋರು ಕಾಫಿ ಕೊಟ್ರು. ಕುಡ್ದು ಲೋಟ ತೊಳೆಯೋಕೆ ಎದ್ದೆ. 'ಅಲ್ಲೇ ಇಡಿ, ಮನೆಗೆ ಬಂದೋರ ಕೈಲಿ ಲೋಟ ತೊಳಿಸ್ತಾರಾ' ಅಂದ್ರು. ನಿಮ್ಮಜ್ಜ ಇದನ್ನ ಕೇಳಿದ್ರೆ ನಂಬ್ತಿರ್ಲಿಲ್ಲ. ಜಗತ್ತು ಎಲ್ಲೆಲ್ಲೋ ಬದ್ಲಾಗೈತೆ, ನಾನೊಬ್ನು ಮಂಡೀಲೇ ನಿಂತಿದೀನಿ.

ಇವತ್ತು ಜೋಕಿಲ್ಲ. ನಿಮ್ಮಜ್ಜನ್ನ ಊರಲ್ಲಿ ಎಲ್ರೂ ಹೆಸ್ರು ಬಿಟ್ಟು ಬ್ಯಾರೆ ಏನೇನೋ ಕೂಗೋರು. ಅವರು ತಲೆ ಬಗ್ಗಿಸ್ಕಂಡು ನಗೋರು. ನಂಗೆ ಆ ನಗು ಕಂಡ್ರೆ ಮೈ ಉರಿಯೋದು. ನನ್ನ ಮಗಳನ್ನ ಮಾತ್ರ ಹೆಸ್ರು ಹಿಡ್ದೇ ಕೂಗಬೇಕು ಅಂತ ಹುಡುಕಿ ಹುಡುಕಿ ಸುಜಾತ ಅಂತ ಇಟ್ಟೆ. ಇಟ್ಟು, ಇಡೀ ಮಂಡಿ ಮುಂದೆ ಎಂಬತ್ನಾಕು ಅಂತ ಕೂಗ್ದೆ. ಅವತ್ತು ನೀನು ತಲೆ ಬಗ್ಗಿಸಿ ನಕ್ಕಿದ್ದು ನಿಮ್ಮಜ್ಜನ ನಗು. ನಾನು ನೋಡಿದೀನಿ ಅಂತ ಬರ್ದಿದ್ನಲ್ಲ, ಸರ್ಯಾಗಿ ನೋಡಿರ್ಲಿಲ್ಲ.

ತಪ್ಪು ನಂದು. ತಿಮ್ಮಯ್ಯಂದಲ್ಲ, ಸುಮಿತ್ರಮ್ಮಂದಲ್ಲ. ಸಿಟ್ಟು ನನ್ನ ಮ್ಯಾಲೆ ಮಾಡ್ಕ, ನಿನ್ನ ಹೊಟ್ಟೆ ಮ್ಯಾಲೆ ಮಾಡ್ಕಬ್ಯಾಡ. ನೀನು ಉಂಡು ಗಟ್ಟಿಯಾಗಿ, ಜೋರು ದನಿ ತೆಗ್ದು ನನ್ನ ಬೈದ್ರೆ ನಂಗೆ ಅಷ್ಟೇ ಸಾಕು.

ಈ ಕಾಗ್ದಾನ ಬಾಗ್ಲ ಸಂದೀಲಿ ತಳ್ತಾ ಇದೀನಿ. ಎಳ್ಕ.

ಮೆಟ್ಲ ಮ್ಯಾಲಿರೋ
ಅಪ್ಪ

*

ಹಳೇಬೀಡು
11-4-2025

ಅಪ್ಪ,

ಅವತ್ತು ಕಾಗದ ಎಳ್ಕೊಂಡೆ. ಓದಿದೆ. ನೀನು ಬಸ್ಸಿಗೆ ಎದ್ದು ಹೋದ್ಮೇಲೆ ಬಾಗಿಲು ತೆಗೆದೆ. ಮೆಟ್ಟಿಲ ಮೇಲೆ ನಿನ್ನ ಎಲೆಅಡಿಕೆ ಸುಣ್ಣ ಚೆಲ್ಲಿತ್ತು. ಒರೆಸಿ ಆಂಟಿ ಹತ್ರ ಕೆಳಗೆ ಹೋಗಿ 'ಪಾರಣೆ ಇವತ್ತು' ಅಂದೆ. ಗಂಜಿ ಕೊಟ್ರು. ಅರ್ಧ ಕುಡಿಯೋಕೆ ಮುಕ್ಕಾಲು ಗಂಟೆ ಹಿಡೀತು.

ಹಾಸನಕ್ಕೆ ಮೂರು ಸಲ ಹೋಗಿ ಬಂದೆ. ಆ ಡಾಕ್ಟ್ರಮ್ಮ ಮೊದಲನೇ ದಿನ ತೂಕ ಕೇಳಲೇ ಇಲ್ಲ. ನಿದ್ದೆ ಹೇಗಿದೆ, ಯಾರ ಜೊತೆ ಮಾತಾಡ್ತೀಯ, ಕೊನೇ ಸಲ ಹಸಿವಾಗಿ ಊಟ ಮಾಡಿದ್ದು ಯಾವಾಗ ಅಂತ ಕೇಳಿದ್ರು. ನಾನು ಅಳೋಕೆ ಶುರು ಮಾಡಿದೋಳು ಟೈಮ್ ಮುಗಿಯೋವರೆಗೂ ಅತ್ತೆ. ಅವರು ಹೇಳಿದ್ದು ತೂಕ ಇಳಿಸಬೇಡ ಅಂತಲ್ಲ. ಮೊದಲು ರಕ್ತ ಸರಿಹೋಗಲಿ, ಆಮೇಲೆ ಉಂಡು, ನಡೆದು, ನಿಧಾನಕ್ಕೆ ಇಳಿಸಬಹುದು. ಇಳಿಯದಿದ್ರೂ ನೀನು ನೀನೇ ಅಂತ.

ಪೌಡರ್ ಬಚ್ಚಲಿಗೆ ಸುರಿದೆ. ತೂಕದ ಮಿಷಿನ್ ಆಂಟಿ ಬೀರುವಲ್ಲಿಟ್ಟು ಬೀಗ ಹಾಕಿಸಿದೀನಿ. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಮುದ್ದೆ ಸೊಪ್ಪಿನ ಸಾರು, ಸಂಜೆ ಹೊತ್ತು ಮುಳುಗೋ ಮುಂಚೆ ಆಂಟಿ ಜೊತೆಗೇ ಊಟ. ಮೊಟ್ಟೆ ಮಾತ್ರ ಲ್ಯಾಬ್ ಪಕ್ಕದ ಹೋಟ್ಲಲ್ಲಿ ತಿಂದು ಬರ್ತೀನಿ. ಆಂಟಿಗೆ ಗೊತ್ತು, ಗೊತ್ತಿಲ್ಲದ ಹಾಗೆ ಇರ್ತಾರೆ. ರಜಾ ದಿನ ಹುಲಿಕೆರೆ ಕೊಳದ ತನಕ ನಡೀತೀನಿ. ಮೆಟ್ಟಿಲ ಮೇಲೆ ಕೂತು ನೀರಲ್ಲಿ ನನ್ನ ಮುಖ ನೋಡ್ಕೋತೀನಿ. ಕನ್ನಡಿ ಟವಲ್ ಇನ್ನೂ ತೆಗೆದಿಲ್ಲ.

ಬಟ್ಟೆ ಸ್ವಲ್ಪ ಬಿಗಿ ಆಗ್ತಿದೆ. ಭಯ ಆಗುತ್ತೆ. ಆದ್ರೆ ಸೂಜಿ ಹಿಡ್ಕೊಂಡು ಮತ್ತೆ ಕುಸಿದಿಲ್ಲ.

ಎರಡು ಮಾತು. ಒಂದು, ನನ್ನನ್ನ ಕೊಬ್ಬರಿಗೆ ಹೋಲಿಸಿ ಬುದ್ಧಿ ಹೇಳ್ಬೇಡ. ಮೂಟೆನೂ ಅಲ್ಲ, ಕಾಯಿನೂ ಅಲ್ಲ ನಾನು. ಇನ್ನೊಂದು, ನಿನ್ನ ಹೊಟ್ಟೆ ನನ್ನದಕ್ಕಿಂತ ದಪ್ಪ, ಅದನ್ನ ಯಾರೂ ತಕ್ಕಡಿಗೆ ಹತ್ತಿಸಿ ಕೂಗಲಿಲ್ಲ. ಶುಗರ್ ಟೆಸ್ಟ್ ಮಾಡಿಸು. ರಿಪೋರ್ಟ್ ಕಳಿಸಿದ್ರೆ ಮಾತ್ರ ಮುಂದಿನ ಕಾಗದ.

ಸುಜಾತ

*

ಅರಸೀಕೆರೆ
22-6-2025

ಲ್ಯಾಬ್ ಮೇಡಮ್ಮೋರಿಗೆ,

ರಿಪೋರ್ಟ್ ಕಾಗ್ದದ ಜೊತೆಗೈತೆ. ಇನ್ನೂರ ಅರವತ್ತು. ಡಾಕ್ಟ್ರು 'ಎಷ್ಟು ವರ್ಷದಿಂದ ಐತೆ' ಅಂದ್ರು. ನಮ್ಮ ಪರಿಚಯ ಇವತ್ತೇ ಸಾರ್ ಅಂದೆ. ಅವರು ನಗ್ಲಿಲ್ಲ. ಮಾತ್ರೆ ನುಂಗ್ತಾ ಇದೀನಿ. ಟೀಗೆ ಸಕ್ರೆ ಬಿಟ್ಟು ಎರಡು ತಿಂಗ್ಳಾಯ್ತು. ಮೊದಲ್ನೇ ವಾರ ದುಃಖ ಆಯ್ತು, ಈಗ ಬೇಜಾರಷ್ಟೇ.

ಮಾಲೇಕಲ್ಲು ಬೆಟ್ಟ ಹತ್ತೋಕೆ ಶುರು ಮಾಡಿದೀನಿ, ಭಾನುವಾರ. ಮೊದಲ್ನೇ ಸಲ ನೂರು ಮೆಟ್ಲಿಗೆ ಕೂತೆ. ಎಂಬತ್ತು ವರ್ಷದ ಮುದುಕಮ್ಮ ಒಬ್ರು ದಾಟ್ಕಂಡು ಹೋಗ್ತಾ 'ಏನಪ್ಪ, ಹರಕೆನಾ' ಅಂದ್ರು. ಇಲ್ಲಮ್ಮ, ಮಗಳ ಆರ್ಡ್ರು ಅಂದೆ. ಈಗ ಅರ್ಧ ಬೆಟ್ಟಕ್ಕೆ ಹೋಗ್ತೀನಿ.

ಸುಮಿತ್ರಮ್ಮ ಮೊನ್ನೆ ಬೀದೀಲಿ ತಡೆದ್ಲು. 'ನಿನ್ನ ಮಗಳು ಮತ್ತೆ ದಪ್ಪ ಆಗವ್ಳಂತೆ, ಕೋರ್ಸು ಅರ್ಧಕ್ಕೆ ಬಿಟ್ರೆ ಹಂಗೇ ಆಗೋದು ಹೊನ್ನಣ್ಣ.' ನಾನು ಅಂದೆ, 'ನನ್ನ ಮಗಳು ಊಟ ಮಾಡ್ತಾ ಅವ್ಳೆ ಸುಮಿತ್ರಮ್ಮ. ಅದಕ್ಕೆ ಕೋರ್ಸು ಬ್ಯಾಡ, ತಟ್ಟೆ ಸಾಕು.' 'ಗಂಡು ಸಿಗಬೇಕಲ್ಲ ನಾಳೆ' ಅಂದ್ಲು. 'ತೂಕ ಹಾಕಿ ತಗಳ್ಳೋ ಗಂಡು ನಂಗೆ ಬ್ಯಾಡ, ಅಂಥವ್ರು ಕೊಬ್ಬರಿ ಕೊಳ್ಳೋಕೆ ಮಂಡಿಗೆ ಬರ್ಲಿ' ಅಂದೆ. ಆಮೇಲೆ ಆ ಪುಡಿ ಯಾರ್ಯಾರ ಮನೆಗೆ ಹೋಗೈತೆ ಅಂತ ನಿಮ್ಮವ್ವ ಹೋಗಿ ಕೇಳ್ಕಂಡು ಬಂದ್ಲು. ಏಳು ಹುಡುಗೀರು. ಒಬ್ಬೊಬ್ಬರ ಮನೆಗೂ ಹೋಗಿ ನೀನು ಬಿದ್ದಿದ್ದು ಹೇಳಿದ್ಲು. ನಿನ್ನ ಕೇಳ್ದೆ ಹೇಳ್ಬಿಟ್ಳು, ಬೈಯೋದಿದ್ರೆ ಅವಳ್ನ ಬೈ. ನಾನು ಈ ಸಲ ಸಾಚ.

ಆ ಏಳ್ರಲ್ಲಿ ಇಬ್ರು ನಿನ್ನ ನಂಬರ್ ಕೇಳವ್ರೆ. ಕೊಡ್ಲಾ?

ಅರ್ಧ ಬೆಟ್ಟದ
ಅಪ್ಪ

*

ಹಳೇಬೀಡು
15-9-2025

ಅಪ್ಪ,

ಆ ಇಬ್ಬರೂ ಮಾತಾಡ್ತಾ ಇದ್ದಾರೆ. ಒಬ್ಬಳನ್ನ ಹೋದ ವಾರ ಹಾಸನಕ್ಕೆ ಡಾಕ್ಟ್ರಮ್ಮನ ಹತ್ರ ಕರ್ಕೊಂಡು ಹೋಗಿದ್ದೆ. ಅವ್ವ ಹೇಳಿದ್ದು ಒಳ್ಳೇದಾಯ್ತು ಅಂತ ಹೇಳು, ಆದ್ರೂ ಮುಂದಿನ ಸಲ ಕೇಳಿ ಹೇಳಬೇಕು.

ನನ್ನ ರಕ್ತ ಹನ್ನೊಂದೂವರೆ. ನಾನೇ ನೋಡಿದ್ದು. ತೂಕ ಎಷ್ಟು ಅಂತ ಗೊತ್ತಿಲ್ಲ, ಬೀರು ಬೀಗ ತೆಗೆಸಿಲ್ಲ. ಕನ್ನಡಿ ಟವಲ್ ತೆಗೆದೆ. ಕೆಲವು ದಿನ ಮತ್ತೆ ಹಾಕಬೇಕು ಅನ್ಸುತ್ತೆ. ಹಾಕ್ತೀನಿ, ಆಮೇಲೆ ತೆಗೀತೀನಿ.

ಆಯುಧಪೂಜೆಗೆ ಬರ್ತೀನಿ. ಮನೆಗಲ್ಲ, ಮೊದಲು ಮಂಡಿಗೆ. ಬರಬೇಡ ಅಂತ ಅವ್ವ ಹೇಳ್ತಾಳೆ, ನೀನೂ ಹೇಳ್ತೀಯ. ಹೇಳ್ಬೇಡಿ. ಆ ಜಾಗಕ್ಕೆ ಹೆದರಿಕೊಂಡು ಜನ್ಮವೆಲ್ಲ ಸುತ್ತಿ ಬಳಸಿ ಓಡಾಡಲ್ಲ ನಾನು. ಯಾರೇ ಏನೇ ಅಂದ್ರೂ ನಾನೇ ಉತ್ತರ ಕೊಡ್ತೀನಿ. ನೀನು ಮಾತ್ರ ಬಾಯಿ ಬಿಡಬಾರದು. ಜೋಕ್ ಬಂದ್ರೆ ನುಂಗ್ಕೋ.

ಸುಜಾತ

*

ಅರಸೀಕೆರೆ
4-10-2025

ಸುಜಿ,

ಫೋನಲ್ಲೇ ಹೇಳ್ಬೋದಿತ್ತು, ನೀನೀಗ ಎತ್ತೀಯ. ಆದ್ರೆ ಬರಿಯೋ ಚಟ ಹತ್ತೈತೆ. ಆಯುಧಪೂಜೆ ದಿನ ಮಂಡೀಲಿ ನೀನು ಬೀದಿ ಕಡೆ ಮುಖ ಮಾಡ್ಕಂಡು ಕೂತಿದ್ದೆ. ನಿನ್ನ ಬೆನ್ನ ಹಿಂದೆ ಏನಾಯ್ತು ಅನ್ನೋದನ್ನ ಬರೀತೀನಿ.

ಪೂಜೆ ಆಗಿ, ಕುಂಬಳಕಾಯಿ ಒಡ್ದು, ತಕ್ಕಡಿಗೆ ಹೂವು ಹಾಕಿದ್ರಾ. ತಿಮ್ಮಯ್ಯ ಶುರು ಹಚ್ಕಂಡ. 'ಬಾರವ್ವ ಸುಜಾತ, ಪದ್ಧತಿ ಬಿಡಬಾರ್ದು. ಇಳ್ದಿದ್ದೀಯೋ ಏರಿದ್ದೀಯೋ ನೋಡಾಣ.' ನನ್ನ ಬಾಯಲ್ಲಿ ನಾಲ್ಗೆ ಕುಣೀತಿತ್ತು. ಕಚ್ಕಂಡೆ. ನೀನು ಅಂದೆ, 'ಮಾವ, ಒಂದು ವರ್ಷ ಆದ್ಮೇಲೆ ಸಿಕ್ಕಿದೀನಿ. ಚೆನ್ನಾಗಿದೀಯಾ ಅಂತ ಕೇಳೋಕೆ ಬರಲ್ವಾ?' ಅವನ ಬಾಯಿ ಹಂಗೇ ತೆಕ್ಕಂಡಿತ್ತು.

ನೀನು ತಕ್ಕಡಿ ಹತ್ರ ನಡ್ಕಂಡು ಹೋದಾಗ ನಾನೂ ಹಿಂದೆ ಬಂದೆ. ಹತ್ತಲ್ಲ ಅಂತ ನಾನು ಅಂದ್ಕಂಡಿದ್ದೆ. ನೀನು ಹತ್ತಿ ನಿಲ್ಲಲಿಲ್ಲ. ಅದರ ಮ್ಯಾಲೆ ಜಗಲಿ ಮ್ಯಾಲೆ ಕೂತಂಗೆ ಕೂತ್ಕಂಡು, ಚೀಲದಿಂದ ಡಬ್ಬಿ ತೆಗ್ದು, ಮುದ್ದೆ ಮುರ್ದು ಸಾರಿಗೆ ಅದ್ದಿದೆ. ಅಷ್ಟು ಜನ ಗಂಡಸ್ರ ಮಧ್ಯೆ ಉಣ್ತಾ ಕೂತೆ. ಅವಸರಾನೇ ಇಲ್ಲ ನಿಂಗೆ.

ಆಗ ನಿನ್ನ ಹಿಂದೆ ತಕ್ಕಡಿ ಮಿಷಿನ್ನಿನ ಕೆಂಪು ನಂಬರ್ ಹತ್ಕಂಡ್ತು. ನಾನು ಹೆಗಲ ಮ್ಯಾಲಿನ ಟವಲ್ ತೆಗ್ದು ಅದರ ಮ್ಯಾಲೆ ಹಾಕ್ದೆ. ಓದ್ಲಿಲ್ಲ ಕಣವ್ವ. ನಿಮ್ಮವ್ವನ ಆಣೆ, ಕಣ್ಣು ಮುಚ್ಕಂಡು ಹಾಕ್ದೆ. ತಿಮ್ಮಯ್ಯ 'ಎಷ್ಟಂತೆ ನೋಡಾಣ' ಅಂತ ಕೈ ಹಾಕೋಕೆ ಬಂದ. ನಾನು ಟವಲ್ ಮ್ಯಾಲೆ ಕೈ ಇಟ್ಕಂಡು ಅವನ ಮುಖ ನೋಡ್ದೆ. ಇಪ್ಪತ್ತೆಂಟು ವರ್ಷ ಜೊತೇಲಿ ಮೂಟೆ ಹೊತ್ತಿದೀವಿ, ನಗ್ದೇ ಇರೋ ನನ್ನ ಮುಖ ಅವನು ಅವತ್ತೇ ಮೊದಲ್ನೇ ಸಲ ಕಂಡಿದ್ದು. ಹಿಂದಕ್ಕೆ ಸರ್ಕಂಡ.

ಸಾವ್ಕಾರ್ ಲಕ್ಕಪ್ಪೋರು ಮಾತ್ರ ಕೈ ಕೈ ಹಿಸ್ಕಂಡ್ರು. 'ಮೊದಲ್ನೇ ತೂಕ ಕೂಗದೆ ಹೆಂಗಪ್ಪ ಹೊನ್ನಯ್ಯ, ವರ್ಷವೆಲ್ಲ ವ್ಯಾಪಾರ ಇಲ್ದೆ ಕೂತ್ಕಬೇಕಾಯ್ತದೆ' ಅಂತ. ನಾನು ಬಾಯಿ ಬಿಡಂಗಿಲ್ವಲ್ಲ, ನಿನ್ನ ಬೆನ್ನನ್ನೇ ನೋಡ್ತಾ ನಿಂತೆ. ನೀನು ಕೊನೇ ತುತ್ತು ಉಂಡು, ತಿರುಗಿ ನೋಡ್ದೇನೇ ಅಂದೆ, 'ಊಟ ಆಯ್ತು ಅಂತ ಕೂಗಪ್ಪ.'

ಕೂಗ್ದೆ. ಅದೇ ರಾಗ, ರೈಲು ಸ್ಟೇಷನ್ನಿಗೆ ಕೇಳಿಸ್ಬೇಕು ಅಷ್ಟು ಜೋರಾಗಿ. ಊಟಾ ಆಯ್ತೂ. ಹಮಾಲರು ನಕ್ಕರು. ನೀನೂ ನಕ್ಕೆ. ಈ ಸಲ ಸರ್ಯಾಗಿ ನೋಡಿದೀನಿ, ತಲೆ ಎತ್ಕಂಡು ನಕ್ಕೆ.

ನಿನ್ನ ಬಸ್ ಹತ್ತಿಸಿ ಮಂಡಿಗೆ ವಾಪಸ್ ಬಂದೆ. ಎಲ್ರೂ ಮನೆಗೆ ಹೋಗಿದ್ರು. ಟವಲ್ ಇನ್ನೂ ಅಲ್ಲೇ ಇತ್ತು. ಭಯ ಬಿದ್ಕಂಡೇ ತೆಗ್ದೆ. ಸೊನ್ನೆ. ನೀನು ಎದ್ದ ಗಳಿಗೇನೇ ಅದು ನಿನ್ನ ಮರ್ತಿತ್ತು. ಇದರ ಮಾತು ಕೇಳ್ಕಂಡು ನಾನು ಮಗಳನ್ನ ಕೂಗಿದ್ನಲ್ಲ ಅಂದ್ಕಂಡು ಮಿಷಿನ್ನಿನ ಸ್ವಿಚ್ಚು ಆರಿಸ್ದೆ.

ಡಬ್ಬಿ ತಕ್ಕಡಿ ಪಕ್ಕದಲ್ಲೇ ಬಿಟ್ಟೋಗಿದ್ದೀಯ. ನಿಮ್ಮವ್ವ ತೊಳ್ದು, ಖಾಲಿ ಡಬ್ಬಿ ಕೊಡಬಾರ್ದು ಅಂತ ಏನೋ ತುಂಬ್ತಾ ಅವ್ಳೆ. ಭಾನುವಾರ ಬೆಟ್ಟ ಬಿಟ್ಟು ಹಳೇಬೀಡಿಗೇ ಬತ್ತೀನಿ. ಬಾಗ್ಲು ತೆಗ್ದಿಟ್ಟಿರು.

ಅಪ್ಪ